ಕೇಳಿದ್ದೆಲ್ಲ ಸಾಲವಾಗುವುದಿಲ್ಲ

ಸಾಲ ತೀರಿಸದೆ ಮರಣ ಹೊಂದಿದವರ ಜನಾಝಾ ನಮಾಝ್‌ಗೆ ಪ್ರವಾದಿವರ್ಯರು(ಸ) ಆರಂಭದ ದಿನಗಳಲ್ಲಿ ಸ್ವತಃ ನೇತೃತ್ವ ನೀಡುತ್ತಿರಲಿಲ್ಲವೆಂಬ ಹದೀಸನ್ನು ನಾವು ಮದ್ರಸದ ಮಕ್ಕಳಿಗೆ ವರ್ಷವರ್ಷವೂ ಕಲಿಸುತ್ತೇವೆ. ಆ ಮಕ್ಕಳು ಬೆಳೆದು ಸಂಸಾರಸ್ಥರಾದಾಗಲೂ ಅದರ ಭಯ ಅವರ ಎದೆಯಲ್ಲಿ ಉಳಿದಿರುತ್ತದೆ. ಉಳಿಯಬೇಕಾದುದೇ. ಆದರೆ ಸಾಲ ಯಾವುದು, ಸಾಲವೆಂದು ಯಾರೋ ಹೇಳಿದ ಬರೀ ಮಾತು ಯಾವುದು ಎಂಬ ವ್ಯತ್ಯಾಸವನ್ನು ನಾವು ಅವರಿಗೆ ಕಲಿಸಿದೆವೇ? ಇಲ್ಲ. ಅದರ ಬೆಲೆಯನ್ನು ಇಂದು ನಮ್ಮ ಮನೆಗಳ ಹೆಣ್ಣುಮಕ್ಕಳು ತೆರುತ್ತಿದ್ದಾರೆ.

ಕೆಲವು ತಿಂಗಳ ಹಿಂದೆ ಮಗ್‌ರಿಬ್ ನಮಾಝ್ ಮುಗಿಸಿ ಹೊರಬಂದಾಗ ನಮ್ಮ ವಿದ್ಯಾರ್ಥಿಯೊಬ್ಬನ ತಾಯಿ ಮಗನ ಕೈ ಹಿಡಿದು ಗೇಟಿನ ಬಳಿ ನಿಂತಿದ್ದರು. ಗಂಡ ಸೌದಿಯಲ್ಲಿ ದುಡಿಯುತ್ತಿದ್ದಾರೆ. ಊರಿನ ಅವರ ಪೋಸ್ಟ್‌ಪೇಯ್ಡ್ ನಂಬರನ್ನು ಬೇರೆ ಕಂಪೆನಿಗೆ ಪೋರ್ಟ್ ಮಾಡಿ ಏಳು ತಿಂಗಳಾಗಿತ್ತು. ಹಳೆಯ ಕಂಪೆನಿ ಮಾತ್ರ ತಿಂಗಳ ಬಾಡಿಗೆಯನ್ನು ಏರಿಸುತ್ತಲೇ ಹೋಗಿ, ತಡವಾದುದಕ್ಕೆ ದಂಡ ಸೇರಿಸಿ, ಒಟ್ಟು 4,870 ರೂಪಾಯಿ ಬಾಕಿಯೆಂದು ವಸೂಲಿಯವರ ಕೈಗೆ ಪಟ್ಟಿ ಕೊಟ್ಟಿತ್ತು. ಮೊದಲ ದಿನ 'ಮೇಡಂ' ಎನ್ನುತ್ತಿದ್ದ ದನಿ ವಾರ ಕಳೆಯುವಷ್ಟರಲ್ಲಿ 'ನೀನು' ಎನ್ನತೊಡಗಿತು. ಪಕ್ಕದ ಮನೆಯವರಿಗೂ ಕರೆ ಹೋಯಿತು. ಗಂಡ ರಜೆಯಲ್ಲಿ ಬಂದಿಳಿದಾಗ ವಿಮಾನ ನಿಲ್ದಾಣದಲ್ಲೇ ಹಿಡಿಯುತ್ತಾರೆ ಎಂದರು. ಕೊನೆಗೆ ಒಬ್ಬ, ಹೆಸರು ಕೇಳಿ ಧರ್ಮ ತಿಳಿದುಕೊಂಡವನು, "ನಿಮ್ಮಲ್ಲಿ ಸಾಲ ಇಟ್ಟು ಸತ್ತರೆ ಸ್ವರ್ಗ ಇಲ್ಲವಂತಲ್ಲ?" ಎಂದು ಕೇಳಿದನಂತೆ.

ನಾವು ಏನು ಹೇಳಿದೆವು? ಮರೆಮಾಚದೆ ಬರೆಯುತ್ತೇವೆ. "ಕೊಟ್ಟುಬಿಡಿ ತಂಗಿ, ಮರ್ಯಾದೆಯ ಪ್ರಶ್ನೆ" ಎಂದೆವು. ಜಮಾಅತ್‌ನ ಹಿರಿಯರೊಬ್ಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಷ್ಟವಾದರೆ ಝಕಾತ್ ನಿಧಿಯಿಂದ ಕೊಡೋಣ, ಸಾಲದಲ್ಲಿ ಸಿಲುಕಿದವರಿಗೂ ಅದರಲ್ಲಿ ಪಾಲಿದೆಯಲ್ಲ ಎಂದರು. ಆಕೆ ನಮ್ಮಿಬ್ಬರನ್ನೂ ನೋಡಿ, "ಉಸ್ತಾದರೇ, ಕೊಡಬೇಕಾದ್ದಾದರೆ ಬಳೆ ಇಟ್ಟಾದರೂ ಕೊಡುತ್ತಿದ್ದೆ. ಸುಳ್ಳಿಗೆ ಕೊಟ್ಟರೆ ಅದು ಸದಕಾ ಆಗುತ್ತದಾ?" ಎಂದು ಕೇಳಿದರು. ಹನ್ನೆರಡು ವರ್ಷ ಕಿತಾಬು ಓದಿದ ನಮ್ಮ ಬಳಿ ಆ ಕ್ಷಣಕ್ಕೆ ಉತ್ತರವಿರಲಿಲ್ಲ.

ಉತ್ತರ ಕಿತಾಬಿನಲ್ಲೇ ಇತ್ತು. ಪವಿತ್ರ ಕುರ್‌ಆನ್‌ನ ಅತಿ ದೀರ್ಘ ಸೂಕ್ತವು ಅಲ್‌ಬಕರಾ ಅಧ್ಯಾಯದ 282ನೆಯದು, ಅದರ ವಿಷಯ ಸಾಲ. ಅವಧಿ ಗೊತ್ತುಪಡಿಸಿದ ಸಾಲವನ್ನು ಬರೆದಿಡಬೇಕು, ಚಿಕ್ಕದಿರಲಿ ದೊಡ್ಡದಿರಲಿ ಬರೆಯಲು ಬೇಸರಪಡಬಾರದು, ಸಾಕ್ಷಿಗಳಿರಬೇಕು ಎಂಬ ಆದೇಶಗಳನ್ನು ನಾವೆಲ್ಲ ಬಲ್ಲೆವು. ನಾವು ಓದಿಯೂ ಗಮನಿಸದ ಒಂದು ವಿಷಯ ಅದರಲ್ಲಿದೆ. ಲಿಪಿಕಾರನಿಗೆ ಸಾಲದ ವಿವರವನ್ನು ಹೇಳಿ ಬರೆಸಬೇಕಾದವನು ಯಾರು? ಕೊಟ್ಟವನಲ್ಲ, ಯಾರ ಮೇಲೆ ಹೊಣೆ ಇದೆಯೋ ಅವನು. ಅವನು ದುರ್ಬಲನಾಗಿದ್ದರೆ ಅವನ ಪೋಷಕನು ನ್ಯಾಯಯುತವಾಗಿ ಬರೆಸಬೇಕು. ಹೊಣೆ ಹೊರುವವನ ಬಾಯಿಂದಲೇ ಹೊಣೆಯ ಅಳತೆ ಹೊರಡಬೇಕೆಂದು ವಿಧಿಸಿದ ಧರ್ಮದ ಅನುಯಾಯಿಗಳು, ಕಂಪೆನಿಯ ಕಂಪ್ಯೂಟರ್ ತಾನೇ ಬರೆದು, ತಾನೇ ಕೂಡಿಸಿ, ಅಪರಿಚಿತನೊಬ್ಬನ ಬಾಯಿಂದ ಓದಿಸಿದ ಮೊತ್ತವನ್ನು ಸಾಲವೆಂದು ಒಪ್ಪಿ ತಲೆತಗ್ಗಿಸುತ್ತಿದ್ದೇವೆ.

ಜನಾಝಾದ ಹದೀಸನ್ನೇ ಮತ್ತೊಮ್ಮೆ ಓದೋಣ. ಮೃತನ ಮೇಲೆ ಸಾಲವಿದೆಯೇ ಎಂದು ಪ್ರವಾದಿವರ್ಯರು(ಸ) ವಿಚಾರಿಸಿದರು. ಇದೆ, ಇಂತಿಷ್ಟು ದೀನಾರ್ ಎಂದು ಬಲ್ಲವರು ಹೇಳಿದರು. ಅಬೂ ಕತಾದ(ರ) ಅದನ್ನು ತಾನು ವಹಿಸಿಕೊಂಡ ಬಳಿಕ ನಮಾಝ್ ನಡೆಯಿತು. ಸಂಪತ್ತು ಒದಗಿದ ಮುಂದಿನ ದಿನಗಳಲ್ಲಿ, ತೀರಿಸಲು ಏನನ್ನೂ ಬಿಡದೆ ಮರಣ ಹೊಂದಿದವರ ಸಾಲವನ್ನು ಪ್ರವಾದಿವರ್ಯರೇ(ಸ) ತಮ್ಮ ಮೇಲೆ ಹಾಕಿಕೊಂಡರು. ಇಲ್ಲಿ ಯಾವುದು ತಕರಾರಿನ ಮೊತ್ತ? ಎಲ್ಲವೂ ತಿಳಿದ, ಒಪ್ಪಿದ ಸಾಲ. ತಕರಾರು ಇರುವಲ್ಲಿನ ನಿಯಮವೇ ಬೇರೆ. ಹೇಳಿಕೆ ಮಾತ್ರದಿಂದ ಕೊಡುವುದಾದರೆ ಜನರು ಪರರ ಪ್ರಾಣಕ್ಕೂ ಸೊತ್ತಿಗೂ ಹಕ್ಕು ಹೂಡಿಯಾರೆಂಬ ಎಚ್ಚರಿಕೆ ಇಬ್ನು ಅಬ್ಬಾಸ್(ರ) ವರದಿ ಮಾಡಿದ ಹದೀಸ್‌ನಲ್ಲಿದೆ. ಪುರಾವೆ ತರಬೇಕಾದವನು ಕೇಳುವವನು ಎಂಬುದು ಫಿಕ್ಹ್‌ನ ಪ್ರಾಥಮಿಕ ಪಾಠ.

ಇದಕ್ಕೆ ಎದುರಾಗಿ ಒಂದು ಹದೀಸನ್ನು ನಮ್ಮ ಮುಂದಿಡಲಾಯಿತು. ಸಾಲ ಕೇಳಲು ಬಂದವನೊಬ್ಬ ಪ್ರವಾದಿವರ್ಯರೊಡನೆ(ಸ) ಒರಟಾಗಿ ಮಾತನಾಡಿದಾಗ ಅನುಚರರು ಮೈಮೇಲೆ ಹೋಗಲು ಮುಂದಾದರು. ಬಿಡಿ, ಹಕ್ಕುಳ್ಳವನಿಗೆ ಮಾತನಾಡುವ ಅಧಿಕಾರವಿದೆಯೆಂದು ತಡೆದು, ಪಡೆದುದಕ್ಕಿಂತ ಉತ್ತಮವಾದ ಒಂಟೆಯನ್ನು ಕೊಡಿಸಿದರು. ಆದ್ದರಿಂದ ವಸೂಲಿಯವನ ಒರಟುತನವನ್ನೂ ಸಹಿಸಬೇಕು ಎಂಬುದು ವಾದ. ಆದರೆ ಅಲ್ಲಿ ಅಧಿಕಾರ ಸಿಕ್ಕಿದ್ದು ಹಕ್ಕುಳ್ಳವನಿಗೆ, ಹಕ್ಕಿದೆಯೆಂದು ಹೇಳಿಕೊಳ್ಳುವವನಿಗಲ್ಲ. ಆತ ಮಾತನಾಡಿದ್ದು ಸಾಲ ಪಡೆದವರೊಡನೆ, ಮುಖಾಮುಖಿ. ನೆರೆಮನೆಯ ಬಾಗಿಲು ತಟ್ಟಿಯಲ್ಲ.

ಇನ್ನೊಂದು ಪಂಗಡವೂ ನಮ್ಮಲ್ಲಿದೆ, ಅದನ್ನು ಬಿಟ್ಟು ಮುಂದೆ ಹೋಗುವುದು ನ್ಯಾಯವಲ್ಲ. ತಿಂಗಳುಗಟ್ಟಲೆ ಮಾತನಾಡಿ, ಡೇಟಾ ಬಳಸಿ, ಸಿಮ್ ಎಸೆದು, "ಬಡ್ಡಿಯ ಕಂಪೆನಿಗೆ ಕೊಡದಿದ್ದರೆ ಏನು ಪಾಪ" ಎಂದು ಅಂಗಡಿಯ ಮುಂದೆ ಕುಳಿತು ನಗುವ ಯುವಕರು. ಕರಾರನ್ನು ಪೂರೈಸಬೇಕೆಂಬ ಅಲ್‌ಮಾಇದಾ ಅಧ್ಯಾಯದ ಪ್ರಥಮ ಆದೇಶಕ್ಕೆ ಎದುರಿನವನ ಧರ್ಮ ನೋಡಿ ವಿನಾಯಿತಿ ಇಲ್ಲ. ಕೊಡಲು ಶಕ್ತಿಯಿದ್ದೂ ಸತಾಯಿಸುವುದನ್ನು ಪ್ರವಾದಿವರ್ಯರು(ಸ) ಅನ್ಯಾಯವೆಂದೇ ಕರೆದಿರುವರು. ಹಣ ವಸೂಲಿಗೆ ದಾವೆ ಹೂಡಲು ಕಾಯ್ದೆ ಸಾಮಾನ್ಯವಾಗಿ ಮೂರು ವರ್ಷಗಳ ಮಿತಿ ಇಟ್ಟಿದೆ. ಆದರೆ ನಿಜವಾದ ಸಾಲವು ಮೂರು ವರ್ಷ ಕಳೆದುದರಿಂದ ಅಲ್ಲಾಹನ ಬಳಿ ಅಳಿಸಿಹೋಗುವುದಿಲ್ಲ. ಈ ಯುವಕರೂ ಆ ವಸೂಲಿಗಾರರೂ ಒಂದೇ ತಕ್ಕಡಿಯ ಎರಡು ತಟ್ಟೆಗಳು.

ಹಾಗಾದರೆ ಆ ತಂಗಿ ಮಾಡಿದ್ದೇನು? ನಾವು ತಪ್ಪು ತಿದ್ದಿಕೊಂಡು ಜೊತೆಗೆ ಕುಳಿತೆವು, ಅಷ್ಟೇ. ಬರೆದುದೆಲ್ಲ ಆಕೆಯ ಅಚ್ಚುಕಟ್ಟಾದ ಅಕ್ಷರದಲ್ಲೇ. ಪೋರ್ಟ್ ಆದ ದಿನದ ಸಂದೇಶ ಗಂಡನ ಮೊಬೈಲಿನಲ್ಲಿ ಉಳಿದಿತ್ತು. 2019ರ ಡಿಸೆಂಬರ್‌ನಿಂದ ಜಾರಿಯಲ್ಲಿರುವ ಟ್ರಾಯ್ ನಿಯಮದಂತೆ, ಆಗಲೇ ಕೊಟ್ಟಿರುವ ಬಿಲ್ಲುಗಳ ಬಾಕಿ ತೀರದ ಹೊರತು ಪೋಸ್ಟ್‌ಪೇಯ್ಡ್ ಗ್ರಾಹಕನಿಗೆ ಪೋರ್ಟ್ ಕೋಡ್ ಹುಟ್ಟುವುದೇ ಇಲ್ಲ. ಕೋಡ್ ಬಂದಿತ್ತು, ಪೋರ್ಟ್ ಆಗಿತ್ತು. ಅಂದರೆ ಹಳೆಯ ಬಿಲ್ಲುಗಳು ಚುಕ್ತಾ. ಆ ಬಳಿಕ ನ್ಯಾಯವಾಗಿ ಬರಬಹುದಾದುದು ಕೊನೆಯ ಕೆಲವು ದಿನಗಳ ಬಿಲ್ ಮಾತ್ರ. ಇದನ್ನು ಬರೆದು ಕಂಪೆನಿಯ ದೂರು ಕೇಂದ್ರಕ್ಕೆ ಸಲ್ಲಿಸಿ ಡಾಕೆಟ್ ಸಂಖ್ಯೆ ಪಡೆದರು. ಆ ಸಂಖ್ಯೆ ಇಲ್ಲದೆ ನೂರು ಬಾರಿ ಕರೆ ಮಾಡಿ ಜಗಳಾಡಿದರೂ ದೂರು ಕೊಟ್ಟಂತಾಗುವುದಿಲ್ಲ. ಬಂದ ಉತ್ತರ ಸಮಾಧಾನ ತರಲಿಲ್ಲ. 2012ರ ನಿಯಮಾವಳಿಯ ಪ್ರಕಾರ ಪ್ರತಿ ಕಂಪೆನಿಯಲ್ಲೂ ಮೇಲ್ಮನವಿ ಪ್ರಾಧಿಕಾರ ಇರಬೇಕು. ಮೂವತ್ತು ದಿನಗಳೊಳಗೆ ಶುಲ್ಕವಿಲ್ಲದೆ ಮನವಿ ಸಲ್ಲಿಸಬಹುದು, ಮೂವತ್ತೊಂಬತ್ತು ದಿನಗಳೊಳಗೆ ಅದು ತೀರ್ಮಾನವಾಗಬೇಕು. ಅಲ್ಲಿಗೂ ಹೋದರು.

ಅಲ್ಲಿಯೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿತ್ತು. ದೂರವಾಣಿಯ ತಕರಾರು ಗ್ರಾಹಕ ನ್ಯಾಯಾಲಯಕ್ಕೆ ಬರುವುದಿಲ್ಲವೆಂಬ ಹಳೆಯ ಮಾತನ್ನು ಇನ್ನೂ ಹೇಳುವವರಿದ್ದಾರೆ. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ಬಾಗಿಲು ತೆರೆದೇ ಇದೆಯೆಂದು ಹೇಳಿಯಾಗಿದೆ. ಐದು ಲಕ್ಷ ರೂಪಾಯಿಯವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವೂ ಇಲ್ಲ. 1915ಕ್ಕೆ ಕರೆ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, 15100ಕ್ಕೆ ಮಾಡಿದರೆ ಕಾನೂನು ಸೇವೆಗಳ ಪ್ರಾಧಿಕಾರದ ನೆರವು ಸಿಗುತ್ತದೆ. ಮಸೀದಿಯ ಸೂಚನಾ ಫಲಕದಲ್ಲಿ ನಮಾಝಿನ ವೇಳಾಪಟ್ಟಿಯ ಪಕ್ಕದಲ್ಲಿ ಈ ಎರಡು ಸಂಖ್ಯೆಗಳಿಗೆ ಜಾಗವಿಲ್ಲವೇ?

ಬೆದರಿಕೆಗಳ ಬಗ್ಗೆಯೂ ಬರೆಯಬೇಕು, ಏಕೆಂದರೆ ಹೆದರಿಕೆಯೇ ಆ ಉದ್ಯಮದ ಬಂಡವಾಳ. ವಸೂಲಿ ಸಂಸ್ಥೆಗಳಿಗೆ ಸಾಮಾನ್ಯವಾಗಿ ಸಿಗುವುದು ವಸೂಲಾದ ಮೊತ್ತದಲ್ಲಿ ಒಂದು ಪಾಲು. ನಾಲ್ಕೈದು ಸಾವಿರಕ್ಕೆ ವಕೀಲರನ್ನಿಟ್ಟು ದಾವೆ ಹೂಡುವುದು ಅವರಿಗೆ ಲಾಭದಾಯಕವಲ್ಲ, ಕರೆ ಮಾಡುವುದು ಅಗ್ಗ. ವಿಮಾನ ನಿಲ್ದಾಣದ ಮಾತಿಗೆ ನಮ್ಮವರು ಬೇಗ ಬೆಚ್ಚುವುದಕ್ಕೂ ಕಾರಣವಿದೆ. ಗಲ್ಫ್ ರಾಷ್ಟ್ರಗಳಲ್ಲಿ ಸಾಲದ ಮೊಕದ್ದಮೆಗೆ ಪ್ರಯಾಣ ನಿಷೇಧ ಬೀಳುವುದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಇಲ್ಲಿ ಫೋನ್ ಬಿಲ್ಲಿನ ತಕರಾರು ಸಿವಿಲ್ ವ್ಯಾಜ್ಯ. ಅದಕ್ಕಾಗಿ ಪೊಲೀಸರು ಬಂಧಿಸುವಂತಿಲ್ಲ. ಬದಲಾಗಿ, ಹಣಕ್ಕಾಗಿ ಮಾನಪ್ರಾಣಗಳ ಬೆದರಿಕೆ ಒಡ್ಡುವವನೇ ಭಾರತೀಯ ನ್ಯಾಯ ಸಂಹಿತೆಯ 351ನೆಯ ಕಲಮಿನಡಿ ಅಪರಾಧಿಯಾಗಬಹುದು. ಮೊಬೈಲನ್ನು ಫೈನಾನ್ಸ್ ಕಂಪೆನಿಯಿಂದ ಕಂತಿನ ಮೇಲೆ ಕೊಂಡಿದ್ದರೆ ರಿಸರ್ವ್ ಬ್ಯಾಂಕಿನ 2022ರ ಆಗಸ್ಟ್ ತಿಂಗಳ ಸುತ್ತೋಲೆಯೂ ಅನ್ವಯಿಸುತ್ತದೆ: ಬೆಳಗ್ಗೆ ಎಂಟರ ಮೊದಲು, ಸಂಜೆ ಏಳರ ನಂತರ ವಸೂಲಿಯ ಕರೆ ಮಾಡಬಾರದು, ಸಾರ್ವಜನಿಕವಾಗಿ ಅವಮಾನಿಸಬಾರದು, ಮನೆಯವರ ಮತ್ತು ಸ್ನೇಹಿತರ ಖಾಸಗಿತನಕ್ಕೆ ನುಗ್ಗಬಾರದು. ಆದರೆ ಅದು ಬ್ಯಾಂಕು, ಫೈನಾನ್ಸ್‌ಗಳಿಗೆ ಹಾಕಿದ ಕಟ್ಟು. ದೂರವಾಣಿ ಬಿಲ್ಲಿನವನ ಮುಂದೆ ಅದನ್ನು ಓದಿ ಪ್ರಯೋಜನವಿಲ್ಲ. ಸಿಬಿಲ್ ಕೆಡುತ್ತದೆ ಎಂಬ ಬೆದರಿಕೆಯಲ್ಲಿ ಅರ್ಧ ನಿಜವಿದೆ: ದೂರವಾಣಿಯ ಬಾಕಿಯೂ ಅಲ್ಲಿ ದಾಖಲಾಗಬಹುದು. ಆದರೆ ತಪ್ಪು ದಾಖಲೆಯನ್ನು ಪ್ರಶ್ನಿಸಿ ತಿದ್ದಿಸಲೂ ಬಹುದು.

ಒಂದು ಎಚ್ಚರಿಕೆ. ಲೋಕ ಅದಾಲತ್ತಿನ ನೋಟಿಸ್ ನಿಜವಾಗಿಯೂ ಬಂದರೆ ಹರಿದೆಸೆಯಬೇಡಿ. ಸಾಮಾನ್ಯ ಲೋಕ ಅದಾಲತ್ತಿನಲ್ಲಿ ಒಪ್ಪಿಗೆಯಿಲ್ಲದೆ ರಾಜಿಯಾಗುವುದಿಲ್ಲ. ಹೋದ ಮಾತ್ರಕ್ಕೆ ಸಾಲ ಒಪ್ಪಿದಂತೆಯೂ ಅಲ್ಲ. ಆದರೆ ದೂರವಾಣಿಯಂಥ ಸಾರ್ವಜನಿಕ ಸೇವೆಗಳ ವ್ಯಾಜ್ಯ ನೋಡುವ ಖಾಯಂ ಲೋಕ ಅದಾಲತ್‌ಗೆ, ರಾಜಿ ಮುರಿದುಬಿದ್ದರೆ ತೀರ್ಪು ಕೊಡುವ ಅಧಿಕಾರವೂ ಇದೆ. ಕಾಗದಪತ್ರಗಳೊಡನೆ ಹೋಗಿ ಹೇಳಬೇಕಾದುದನ್ನು ಹೇಳಿ ಬರಬೇಕು.

ಮೇಲ್ಮನವಿಯ ಉತ್ತರ ಲಿಖಿತವಾಗಿ ಬಂತು. ಪೋರ್ಟ್ ಆದ ನಂತರದ ಬಾಡಿಗೆ, ದಂಡ ಎಲ್ಲ ಸೇರಿ 4,458 ರೂಪಾಯಿ ರದ್ದು. ಪೋರ್ಟ್ ಆಗುವವರೆಗಿನ ಬಾಕಿ 412 ರೂಪಾಯಿ ಕೊಡತಕ್ಕದ್ದು. ಆ ನಾನೂರ ಹನ್ನೆರಡನ್ನು ಆಕೆ ಅದೇ ದಿನ ಅಸರ್ ಆಗುವುದರೊಳಗೆ ಕಟ್ಟಿ ರಶೀದಿ ಪಡೆದರು. ಉಳಿದ ಹಣವನ್ನು ನಮ್ಮ ಸಲಹೆಯಂತೆ ಝಕಾತ್ ನಿಧಿಯಿಂದ ಕೊಟ್ಟಿದ್ದರೆ, ಊರಿನ ವಿಧವೆಯರ, ರೋಗಿಗಳ ಪಾಲು ಸುಳ್ಳು ಲೆಕ್ಕದವನ ಜೇಬಿಗೆ ಸೇರುತ್ತಿತ್ತು. ಸಾಲಗಾರನ ಪಾಲಿನ ಹೆಸರಿನಲ್ಲಿ ಹಾಗೆ ಕೊಡುವ ಅಧಿಕಾರ ನಮಗೆ ಯಾರು ಕೊಟ್ಟಿದ್ದರು? ವಿವಾದ ಬಿಟ್ಟುಕೊಡುವುದು ಪುಣ್ಯವೆಂದು ಹಿರಿಯರು ಈಗಲೂ ಹೇಳುತ್ತಾರೆ. ತನ್ನ ಹಕ್ಕನ್ನು ತಾನು ಬಿಟ್ಟುಕೊಡುವುದು ಔದಾರ್ಯ. ಬಡವಳೊಬ್ಬಳ ಹಕ್ಕನ್ನು ಗಂಡಸರು ಕುಳಿತು ಬಿಟ್ಟುಕೊಡುವುದಕ್ಕೆ ಆ ಹೆಸರು ಸಲ್ಲದು.

ಮುಂದಿನ ವಾರ ಬೇರೊಂದು ವಸೂಲಿ ಸಂಸ್ಥೆಯಿಂದ ಮತ್ತೆ ಕರೆ ಬಂತು. ಹಳೆಯ ಪಟ್ಟಿ ಇನ್ನೂ ಎಲ್ಲೋ ಓಡಾಡುತ್ತಿತ್ತು. ಆಕೆ ಮೇಲ್ಮನವಿಯ ಆದೇಶದ ಸಂಖ್ಯೆಯನ್ನು ನಿಧಾನವಾಗಿ ಓದಿ, ಕೇಳುವುದೇನಿದ್ದರೂ ಬರೆದು ಕಳುಹಿಸಿ ಎಂದರಂತೆ. ಆ ಕಡೆಯವನು ಫೋನಿಟ್ಟನು. ಪತ್ರ ಈವರೆಗೆ ಬಂದಿಲ್ಲ.