‘ನರದ ಮಾತ್ರೆ’ ಅಂದರೆ ಟಾನಿಕ್ ಅಲ್ಲ

ರಜೆಗೆ ಊರಿಗೆ ಹೊರಡುವ ಹಿಂದಿನ ದಿನ ಹಾಸ್ಟೆಲ್‌ನಲ್ಲಿರುವ ನಮ್ಮಂಥವರ ಮೊಬೈಲ್‌ಗೆ ಒಂದು ಫೋಟೊ ಬರುತ್ತದೆ. ಖಾಲಿಯಾದ ಮಾತ್ರೆ ಸ್ಟ್ರಿಪ್‌ನ ಫೋಟೊ. ಕೆಳಗೆ ಒಂದೇ ಸಾಲು: ‘ಬರುವಾಗ ಇದು ಎರಡು ಶೀಟು ತಾ.’ ನಾವು ಮೆಡಿಕಲ್ ಸ್ಟೋರ್‌ಗೆ ಹೋಗಿ ಮೊಬೈಲ್ ತೋರಿಸುತ್ತೇವೆ, ಅವರು ಕೊಡುತ್ತಾರೆ, ನಾವು ಬ್ಯಾಗಿಗೆ ಹಾಕಿಕೊಳ್ಳುತ್ತೇವೆ. ಅದು ಯಾವ ಮಾತ್ರೆ, ಯಾರು ಬರೆದುಕೊಟ್ಟದ್ದು, ಎಷ್ಟು ದಿನಕ್ಕೆ ಎಂದು ಯಾರೂ ಕೇಳುವುದಿಲ್ಲ. ಹೊರನಾಡು, ಕಳಸ, ಬಾಳೆಹೊಳೆ, ಮೂಡಿಗೆರೆ ಕಡೆಯ ಬಹಳಷ್ಟು ಮನೆಗಳಲ್ಲಿ ಹೀಗೆ ತರಿಸಿಕೊಳ್ಳುವ ಮಾತ್ರೆಗಳಲ್ಲಿ ‘ನರದ ಮಾತ್ರೆ’ಯೂ ಒಂದು.

ಅದಕ್ಕೆ ಕಾರಣವೂ ಇದೆ. ನಮ್ಮದು ಗುಡ್ಡದ ಊರು. ಕಾಫಿ ಮೂಟೆ ಹೊರುವುದು, ಬೆನ್ನಿಗೆ ಪಂಪು ಕಟ್ಟಿಕೊಂಡು ಔಷಧಿ ಹೊಡೆಯುವುದು, ಅಡಿಕೆ ಮರ ಹತ್ತುವುದು, ಇಳಿಜಾರಿನಲ್ಲಿ ದಿನವಿಡೀ ಬಗ್ಗಿ ಕೆಲಸ ಮಾಡುವುದು. ನಲವತ್ತು ದಾಟುವಷ್ಟರಲ್ಲಿ ಸೊಂಟದಿಂದ ಕಾಲಿನವರೆಗೆ ಕರೆಂಟ್ ಹೊಡೆದಂಥ ಸೆಳೆತ ಶುರುವಾಗುತ್ತದೆ. ಇದರ ಜೊತೆಗೆ ಸಕ್ಕರೆ ಕಾಯಿಲೆಯವರ ಪಾದದ ಉರಿ, ಸರ್ಪಸುತ್ತು ವಾಸಿಯಾದ ಮೇಲೂ ಉಳಿಯುವ ನೋವು. ಇಂಥ ನೋವಿಗೆ ಪ್ಯಾರಾಸಿಟಮಾಲ್ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಹಾಗಾಗಿ ವೈದ್ಯರು ಪ್ರಿಗ್ಯಾಬಲಿನ್ ಅಥವಾ ಗ್ಯಾಬಪೆಂಟಿನ್ ಎಂಬ ಔಷಧ ಬರೆಯುತ್ತಾರೆ. ಇವು ಒಳ್ಳೆಯ ಔಷಧಗಳೇ. ವರ್ಷಗಳಿಂದ ನಿದ್ದೆಗೆಟ್ಟವರು ಇವುಗಳಿಂದ ನೆಮ್ಮದಿಯಾಗಿ ಮಲಗಿದ್ದುಂಟು. ನನ್ನ ತಕರಾರು ಔಷಧದ ಮೇಲಲ್ಲ, ನಾವು ಅದಕ್ಕೆ ಇಟ್ಟಿರುವ ಹೆಸರಿನ ಮೇಲೆ.

‘ನರದ ಮಾತ್ರೆ’ ಎಂದ ಕೂಡಲೇ ನರಕ್ಕೆ ಶಕ್ತಿ ಕೊಡುವ ಟಾನಿಕ್ ಎಂಬ ಭಾವನೆ ಬರುತ್ತದೆ. ನಮ್ಮಲ್ಲಿ ಸಿಗುವ ಹಲವು ಸ್ಟ್ರಿಪ್‌ಗಳಲ್ಲಿ ಪ್ರಿಗ್ಯಾಬಲಿನ್ ಜೊತೆಗೆ ಮೀಥೈಲ್‌ಕೋಬಾಲಮಿನ್, ಅಂದರೆ ಬಿ12 ವಿಟಮಿನ್ ಸೇರಿಸಿರುವುದರಿಂದ ಈ ಭಾವನೆ ಇನ್ನೂ ಗಟ್ಟಿಯಾಗುತ್ತದೆ. ಬಿ12 ಮಾತ್ರ ಇರುವ ಮಾತ್ರೆಯೂ ‘ನರದ ಮಾತ್ರೆ’, ಮಿದುಳಿನ ಮೇಲೆ ಕೆಲಸ ಮಾಡಿ ಮಂಪರು ತರಿಸುವ ಪ್ರಿಗ್ಯಾಬಲಿನ್ ಕೂಡ ‘ನರದ ಮಾತ್ರೆ’. ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ವಸ್ತುಗಳು. ಟಾನಿಕ್ ಎಂದು ನಂಬಿದ ಮೇಲೆ ಒಂದು ಹೆಚ್ಚು ನುಂಗಲು ಯಾರಿಗೆ ಭಯ?

ನಾನು ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿ. ನನಗೆ ಅರ್ಥವಾದಂತೆ ಹೇಳುವುದಾದರೆ, ಪೆಟ್ಟುಬಿದ್ದ ನರವೆಂದರೆ ಮೇಲಿನ ಪ್ಲಾಸ್ಟಿಕ್ ಕಿತ್ತುಹೋದ ವೈರ್ ಇದ್ದಂತೆ. ಅಲ್ಲಿ ಗಾಯವಿಲ್ಲದಿದ್ದರೂ ಸುಳ್ಳು ಸಿಗ್ನಲ್‌ಗಳು ಓಡುತ್ತಲೇ ಇರುತ್ತವೆ. ಪ್ರಿಗ್ಯಾಬಲಿನ್ ನರಕೋಶದ ಕ್ಯಾಲ್ಸಿಯಂ ದ್ವಾರಗಳ ಒಂದು ಭಾಗಕ್ಕೆ ಅಂಟಿಕೊಂಡು, ಆ ಸಿಗ್ನಲ್ ಮುಂದಕ್ಕೆ ದಾಟಿಸುವ ರಾಸಾಯನಿಕಗಳ ಬಿಡುಗಡೆಯನ್ನು ತಗ್ಗಿಸುತ್ತದೆ. ಕಿತ್ತುಹೋದ ವೈರ್ ಅನ್ನು ಅದು ರಿಪೇರಿ ಮಾಡುವುದಿಲ್ಲ, ಸದ್ದಿನ ವಾಲ್ಯೂಮ್ ಇಳಿಸುತ್ತದೆ ಅಷ್ಟೆ. ಆದರೆ ಕಾಲಿನ ನೋವಿನ ವಾಲ್ಯೂಮ್ ಮಾತ್ರ ಇಳಿಸಲು ಅದಕ್ಕೆ ಬರುವುದಿಲ್ಲ. ಪ್ರಮಾಣ ಹೆಚ್ಚಾದಂತೆ ಎಚ್ಚರ, ಮಾತು, ನಡಿಗೆಯ ಸಮತೋಲನ, ಕೊನೆಗೆ ಉಸಿರಾಟ ಎಲ್ಲವೂ ಒಟ್ಟಿಗೆ ತಗ್ಗುತ್ತವೆ.

ಅತಿಯಾಗುವುದು ಹೇಗೆ?

ಓವರ್‌ಡೋಸ್ ಎಂದರೆ ಒಂದು ಹಿಡಿ ಮಾತ್ರೆ ನುಂಗುವುದು ಎಂದಷ್ಟೇ ನಾವು ತಿಳಿದಿದ್ದೇವೆ. ಮನೆಗಳಲ್ಲಿ ಅದು ಸದ್ದಿಲ್ಲದೆ ನಡೆಯುತ್ತದೆ.

ಮೊದಲನೆಯದು ಅವಸರ. ನರದ ನೋವಿನ ಔಷಧ ಪೂರ್ತಿ ಪರಿಣಾಮ ತೋರಿಸಲು ದಿನಗಳು, ಕೆಲವೊಮ್ಮೆ ವಾರಗಳು ಬೇಕು. ತಲೆನೋವಿನ ಮಾತ್ರೆಯಂತೆ ಅರ್ಧ ಗಂಟೆಯಲ್ಲಿ ನೋವು ಹೋಗಲಿಲ್ಲ ಎಂದು ರಾತ್ರಿಯೇ ಇನ್ನೊಂದು ನುಂಗುವವರಿದ್ದಾರೆ.

ಎರಡನೆಯದು ಹೆಸರಿನ ಗೊಂದಲ. ಒಂದೇ ಔಷಧ ಹತ್ತಾರು ಬ್ರ್ಯಾಂಡ್ ಹೆಸರಿನಲ್ಲಿ ಬರುತ್ತದೆ. ಸೊಂಟಕ್ಕೆ ಒಬ್ಬ ವೈದ್ಯರು, ಸಕ್ಕರೆ ಕಾಯಿಲೆಗೆ ಇನ್ನೊಬ್ಬ ವೈದ್ಯರು ಬೇರೆ ಬೇರೆ ಕಂಪನಿಯ ಮಾತ್ರೆ ಬರೆದರೆ, ಎರಡರ ಒಳಗೂ ಪ್ರಿಗ್ಯಾಬಲಿನ್ನೇ ಇರಬಹುದು. ಹೆಸರಿನ ಕೊನೆಯಲ್ಲಿ ‘ಎಂ’ ಇದ್ದರೆ ಸಾಮಾನ್ಯವಾಗಿ ಬಿ12 ಸೇರಿದೆ ಎಂದರ್ಥ. ‘ಎನ್‌ಟಿ’ ಇದ್ದರೆ ನಾರ್‌ಟ್ರಿಪ್ಟಿಲಿನ್ ಎಂಬ ಮತ್ತೊಂದು ಔಷಧ ಸೇರಿದೆ. ಅದು ಅತಿಯಾದರೆ ಹೃದಯದ ಬಡಿತವನ್ನೇ ಏರುಪೇರು ಮಾಡಬಲ್ಲದು. ಎರಡಕ್ಷರದ ವ್ಯತ್ಯಾಸ, ಆದರೆ ಅಪಾಯವೇ ಬೇರೆ.

ಮೂರನೆಯದು ಕಿಡ್ನಿ. ಪ್ರಿಗ್ಯಾಬಲಿನ್, ಗ್ಯಾಬಪೆಂಟಿನ್ ಎರಡೂ ದೇಹದಿಂದ ಹೊರಹೋಗುವುದು ಮುಖ್ಯವಾಗಿ ಮೂತ್ರದ ಮೂಲಕ. ಕಿಡ್ನಿ ದುರ್ಬಲವಾಗಿದ್ದರೆ ಇಂದಿನ ಮಾತ್ರೆ ಹೊರಹೋಗುವ ಮೊದಲೇ ನಾಳೆಯದು ಸೇರಿಕೊಳ್ಳುತ್ತದೆ. ಪಾದದ ಉರಿ ತರುವ ಸಕ್ಕರೆ ಕಾಯಿಲೆಯೇ ಕಿಡ್ನಿಯನ್ನೂ ಹಾಳು ಮಾಡುವುದು ಇಲ್ಲಿನ ವಿಪರ್ಯಾಸ. ಯಾರಿಗೆ ಈ ಮಾತ್ರೆ ಹೆಚ್ಚು ಬೇಕೋ ಅವರ ದೇಹಕ್ಕೇ ಅದನ್ನು ಹೊರಹಾಕುವ ಶಕ್ತಿ ಕಡಿಮೆ. ಪಕ್ಕದ ಮನೆಯವರಿಗೆ ಸರಿಹೋದ ಪ್ರಮಾಣ ನಮ್ಮ ಅಜ್ಜಿಗೆ ಅತಿಯಾಗುವುದು ಹೀಗೆ.

ನಾಲ್ಕನೆಯದು, ಎಲ್ಲಕ್ಕಿಂತ ಅಪಾಯಕಾರಿಯಾದದ್ದು, ಬೆರಕೆ. ಮದ್ಯ, ನಿದ್ದೆ ಮಾತ್ರೆ, ಟ್ರಮಡಾಲ್ ಅಥವಾ ಟಪೆಂಟಡಾಲ್‌ನಂಥ ಪ್ರಬಲ ನೋವುನಿವಾರಕಗಳು ಇದರ ಜೊತೆ ಸೇರಿದರೆ ಉಸಿರಾಟ ನಿಧಾನವಾಗುತ್ತಾ ಹೋಗುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರ ಡಿಸೆಂಬರ್‌ನಲ್ಲಿ ಈ ಬಗ್ಗೆಯೇ ಎಚ್ಚರಿಕೆ ಹೊರಡಿಸಿತು. ವಯಸ್ಸಾದವರು, ಶ್ವಾಸಕೋಶದ ತೊಂದರೆ ಇರುವವರು ಇನ್ನಷ್ಟು ಜಾಗ್ರತೆಯಿಂದ ಇರಬೇಕು ಎಂದಿತು. ಅದೇ ವರ್ಷದ ಏಪ್ರಿಲ್ 1ರಿಂದ ಬ್ರಿಟನ್ ಇವೆರಡನ್ನೂ ನಿಯಂತ್ರಿತ ಔಷಧಗಳ ಪಟ್ಟಿಗೆ ಸೇರಿಸಿದೆ. ನಮ್ಮ ದೇಶದಲ್ಲೂ ನಶೆಗಾಗಿ ಬಳಸುವುದು ಹೆಚ್ಚಾಯಿತೆಂದು ಪಂಜಾಬ್‌ನ ಕೆಲವು ಜಿಲ್ಲಾಡಳಿತಗಳು ಪ್ರಿಗ್ಯಾಬಲಿನ್ ಮಾರಾಟದ ಮೇಲೆ ನಿರ್ಬಂಧ ಹೇರಿವೆ.

ನಿದ್ದೆಯೋ, ಅಪಾಯವೋ?

ಕಳೆದ ಕಾಫಿ ಕೊಯ್ಲಿನ ಸಮಯದಲ್ಲಿ ನಮ್ಮ ಊರಿನ ಹತ್ತಿರ ನಡೆದದ್ದನ್ನು ಇಲ್ಲಿ ಹೇಳಬೇಕು. ತೋಟದಲ್ಲಿ ಮೂಟೆ ಹೊರುವ ಕೆಲಸದವರು, ನಾನು ಮಾಮ ಎಂದೇ ಕರೆಯುವವರು. ಕಾಲಿನ ಸೆಳೆತಕ್ಕೆ ರಾತ್ರಿಗೊಂದು ಎಂದು ಬರೆದುಕೊಟ್ಟ ಮಾತ್ರೆಯನ್ನು ಸಂಜೆಯೇ ಒಂದು ನುಂಗಿದ್ದಾರೆ. ಆಮೇಲೆ ದಿನದಂತೆ ಕುಡಿದಿದ್ದಾರೆ. ನೋವು ಹೋಗಿಲ್ಲವೆಂದು ಮಲಗುವ ಮುಂಚೆ ಮತ್ತೆ ಎರಡು. ಮನೆಯವರು ಕುಡಿದ ನಿದ್ದೆ ಎಂದುಕೊಂಡು ಸುಮ್ಮನಾದರು. ಪಿಯುಸಿ ಓದುವ ಮಗಳಿಗೆ ಮಾತ್ರ ಅಪ್ಪನ ಗೊರಕೆ ಎಂದಿನಂತಿಲ್ಲ ಅನ್ನಿಸಿತು. ಗಂಟಲಲ್ಲಿ ನೀರು ಗೊಳಗುಟ್ಟಿದಂಥ ಸದ್ದು, ಮಧ್ಯೆ ಮಧ್ಯೆ ಉಸಿರೇ ಇಲ್ಲ. ಅಲುಗಾಡಿಸಿದರೂ ಕಣ್ಣು ತೆರೆಯಲಿಲ್ಲ. ಅಕ್ಕಪಕ್ಕದವರು ಜೀಪಿನಲ್ಲಿ ಆಸ್ಪತ್ರೆಗೆ ಸಾಗಿಸಿದರು. ಅಲ್ಲಿ ವೈದ್ಯರು ಮೊದಲು ಕೇಳಿದ್ದು ‘ಯಾವ ಮಾತ್ರೆ, ಎಷ್ಟು, ಎಷ್ಟು ಹೊತ್ತಿಗೆ, ಜೊತೆಗೆ ಬೇರೇನು?’ ಎಂದು. ಹುಡುಗಿ ಖಾಲಿ ಸ್ಟ್ರಿಪ್ ಕೈಯಲ್ಲೇ ಹಿಡಿದುಕೊಂಡು ಬಂದಿದ್ದಳು. ಮಾಮ ಉಳಿದರು.

ಆ ಹುಡುಗಿ ಗಮನಿಸಿದ್ದನ್ನು ನಾವೆಲ್ಲರೂ ಗಮನಿಸಲು ಕಲಿಯಬೇಕು. ಮೊದಲ ಹಂತದಲ್ಲಿ ಕಾಣುವುದು ಅತಿಯಾದ ಮಂಪರು, ತೊದಲು ಮಾತು, ನಡೆಯುವಾಗ ತೂರಾಟ, ಒಂದು ವಸ್ತು ಎರಡಾಗಿ ಕಾಣುವುದು, ಗೊಂದಲದ ಮಾತು, ಕೈಕಾಲು ತಟ್ಟನೆ ಅದುರುವುದು. ಇಷ್ಟು ಕಂಡಾಗಲೇ ಮುಂದಿನ ಮಾತ್ರೆ ಕೊಡದೆ ವೈದ್ಯರನ್ನು ಕೇಳಬೇಕು. ಕರೆದರೆ, ಅಲುಗಾಡಿಸಿದರೆ ಎಚ್ಚರವಾಗದಿರುವುದು, ನಿಮಿಷಕ್ಕೆ ಹತ್ತಕ್ಕಿಂತ ಕಡಿಮೆ ಉಸಿರು, ಗೊಳಗುಟ್ಟುವ ಗೊರಕೆ, ತುಟಿ ಅಥವಾ ಉಗುರು ನೀಲಿಯಾಗುವುದು, ಫಿಟ್ಸ್, ಎದೆಬಡಿತ ವಿಪರೀತವಾಗುವುದು, ಇವು ತುರ್ತುಸ್ಥಿತಿ. ‘ಮಲಗಿ ಎದ್ದರೆ ಸರಿಹೋಗುತ್ತದೆ’ ಎಂದು ಬಿಡುವಂತಿಲ್ಲ.

ತಕ್ಷಣ 108ಕ್ಕೆ ಕರೆ ಮಾಡಬೇಕು. ನಮ್ಮ ಕಡೆ ನೆಟ್‌ವರ್ಕ್ ಸಿಗುವ ಜಾಗಕ್ಕೆ ಓಡಬೇಕಾದೀತು, ಹಾಗಾಗಿ ಒಬ್ಬರು ರೋಗಿಯ ಹತ್ತಿರವೇ ಇರಲಿ, ಇನ್ನೊಬ್ಬರು ಫೋನ್ ಹಿಡಿದು ಹೋಗಲಿ. ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ, ವಾಂತಿಯಾದರೂ ಗಂಟಲಿಗೆ ಸಿಕ್ಕಿಕೊಳ್ಳುವುದಿಲ್ಲ. ಬಲವಂತವಾಗಿ ವಾಂತಿ ಮಾಡಿಸಬೇಡಿ. ನಿಂಬೆರಸ, ಮಜ್ಜಿಗೆ ಏನನ್ನೂ ಬಾಯಿಗೆ ಹಾಕಬೇಡಿ. ಕಾಫಿಯ ಸೀಮೆಯವರಾದ ನಮಗೆ ಇನ್ನೊಂದು ಮಾತು: ಕಡಕ್ ಕಾಫಿ ಕುಡಿಸಿದರೆ ಈ ಮಂಪರು ಇಳಿಯುವುದಿಲ್ಲ, ಅರೆಪ್ರಜ್ಞೆಯಲ್ಲಿದ್ದವರ ಶ್ವಾಸಕೋಶಕ್ಕೆ ಕಾಫಿ ಇಳಿದೀತು. ಪ್ರಿಗ್ಯಾಬಲಿನ್‌ಗೆ ಪ್ರತ್ಯೇಕ ಪ್ರತಿವಿಷವಿಲ್ಲ. ಉಸಿರಾಟಕ್ಕೆ ಆಸರೆ ಕೊಟ್ಟು ಕಾಪಾಡಬೇಕು, ಕಿಡ್ನಿ ಕೈಕೊಟ್ಟವರಿಗೆ ಡಯಾಲಿಸಿಸ್ ಕೂಡ ಬೇಕಾಗಬಹುದು. ಆದ್ದರಿಂದ ಮನೆಮದ್ದಿಗೆ ಕಳೆಯುವ ಪ್ರತಿ ನಿಮಿಷವೂ ನಷ್ಟವೇ. ಹೊರನಾಡಿನಿಂದ ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆ ಹೆಚ್ಚುಕಡಿಮೆ ನೂರು ಕಿಲೋಮೀಟರ್ ದೂರ, ಅದೂ ಘಾಟಿಯ ತಿರುವುಗಳ ರಸ್ತೆ ಎಂಬುದು ನೆನಪಿರಲಿ.

ಇದನ್ನೆಲ್ಲ ಓದಿ ಹೆದರಿ ನಾಳೆಯಿಂದ ಮಾತ್ರೆ ನಿಲ್ಲಿಸಿಬಿಡುವುದೂ ತಪ್ಪು. ಬಹಳ ದಿನ ತೆಗೆದುಕೊಂಡವರು ಹಠಾತ್ ನಿಲ್ಲಿಸಿದರೆ ನಿದ್ದೆ ಬಾರದಿರುವುದು, ಬೆವರು, ತಳಮಳ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ವೈದ್ಯರ ಸಲಹೆಯಂತೆ ಹಂತಹಂತವಾಗಿ ಇಳಿಸಬೇಕು.

ಚೀಟಿ ಮತ್ತು ಬಸ್ ಚಾರ್ಜು

ಪ್ರಿಗ್ಯಾಬಲಿನ್ ನಮ್ಮಲ್ಲಿ ವೈದ್ಯರ ಚೀಟಿ ಇದ್ದರಷ್ಟೇ ಮಾರಬೇಕಾದ ಔಷಧ. ಹಾಗಿದ್ದರೂ ಫೋಟೊ ತೋರಿಸಿದರೆ ಸಿಗುತ್ತದೆ. ಕಟ್ಟುನಿಟ್ಟು ಮಾಡಿದರೆ ಸಾಕು ಎನ್ನುವವರಿದ್ದಾರೆ. ಸಂಪೂರ್ಣ ಒಪ್ಪಲಾರೆ. ತೋಟದ ಕೆಲಸದವರೊಬ್ಬರು ಚೀಟಿ ನವೀಕರಿಸಲು ಪಟ್ಟಣಕ್ಕೆ ಹೋಗಿ ಬಂದರೆ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜು, ಡಾಕ್ಟರ ಫೀಸು ಬೇರೆ. ಅವರು ಹಳೇ ಸ್ಟ್ರಿಪ್ ತೋರಿಸುವುದು ನಶೆಗಲ್ಲ, ನಾಳೆ ಕೆಲಸಕ್ಕೆ ಹೋಗುವುದಕ್ಕೆ. ಚೀಟಿಯ ನಿಯಮ ಪಾಲನೆಯಾಗಬೇಕು, ನಿಜ. ಜೊತೆಗೆ ಚೀಟಿ ಹತ್ತಿರದಲ್ಲೇ ಸಿಗುವಂತೆಯೂ ಆಗಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಂದು ದಿನ ನೋವಿನ ರೋಗಿಗಳ ಮರುಪರಿಶೀಲನೆ, ದೂರದವರಿಗೆ ಇ-ಸಂಜೀವಿನಿ ಮೂಲಕ ಉಚಿತ ಸಲಹೆ, ಇವು ಕಷ್ಟದ ಕೆಲಸಗಳೇನೂ ಅಲ್ಲ.

ಇನ್ನೊಂದು ಬೇಡಿಕೆ ಭಾಷೆಯದು. ಸ್ಟ್ರಿಪ್ ಮೇಲಿನ ಎಚ್ಚರಿಕೆ ನಮ್ಮ ಅಜ್ಜಿಯರಿಗೆ ಬಾರದ ಇಂಗ್ಲಿಷ್‌ನಲ್ಲಿದೆ. ‘ಮಂಪರು ತರುತ್ತದೆ, ಮದ್ಯದ ಜೊತೆ ಬೇಡ, ಹೇಳಿದ್ದಕ್ಕಿಂತ ಹೆಚ್ಚು ಬೇಡ, ತಟ್ಟನೆ ನಿಲ್ಲಿಸಬೇಡಿ’ ಎಂಬ ನಾಲ್ಕು ಮಾತಿನ ಕನ್ನಡ ಚೀಟಿಯನ್ನು ಪ್ರತಿ ಮೆಡಿಕಲ್ ಸ್ಟೋರ್ ಸ್ಟ್ರಿಪ್‌ಗೆ ಅಂಟಿಸಿ ಕೊಟ್ಟರೆ ಎಷ್ಟು ಖರ್ಚಾದೀತು?

ನಮ್ಮ ಊರಿನವರಿಗೆ ಪ್ರಮಾಣದ ಬೆಲೆ ಗೊತ್ತಿಲ್ಲ ಎನ್ನುವಂತೆಯೂ ಇಲ್ಲ. ಅಡಿಕೆಗೆ ಬೋರ್ಡೊ ದ್ರಾವಣ ಮಾಡುವಾಗ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂದು ತೂಗಿ ಬೆರೆಸುತ್ತಾರೆ. ತೋಟಕ್ಕೆ ಹೊಡೆಯುವುದನ್ನೂ ನುಂಗುವುದನ್ನೂ ನಾವು ‘ಔಷಧಿ’ ಎಂದೇ ಕರೆಯುತ್ತೇವೆ. ಅಡಿಕೆಯ ಔಷಧಿಗೆ ತಕ್ಕಡಿ, ಮನುಷ್ಯರ ಔಷಧಿಗೆ ಅಂದಾಜು ಎಂದರೆ ಹೇಗೆ?

ನಮ್ಮ ವಯಸ್ಸಿನವರಿಗೂ ಒಂದು ಮಾತು. ಇಂಟರ್‌ವ್ಯೂ ಭಯಕ್ಕೆ, ಪರೀಕ್ಷೆಯ ರಾತ್ರಿಯ ತಳಮಳಕ್ಕೆ ಅಪ್ಪನ ಸ್ಟ್ರಿಪ್‌ನಿಂದ ಒಂದು ಎತ್ತಿಕೊಳ್ಳುವುದು ಪರಿಹಾರವಲ್ಲ. ನುಂಗಿ ಬೈಕ್ ಹತ್ತಿದರೆ ನಮ್ಮ ರಸ್ತೆಗಳ ಮೊದಲ ತಿರುವೇ ಸಾಕು. ಬ್ಯಾಕ್‌ಲಾಗ್, ಪ್ಲೇಸ್‌ಮೆಂಟ್, ಮನೆಯ ಸಾಲ ಯಾವುದಾದರೂ ಭಾರ ತಡೆಯಲಾಗದೆ ಬದುಕೇ ಬೇಡವೆನ್ನಿಸಿದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು, ದಿನದ ಯಾವ ಹೊತ್ತಿನಲ್ಲೂ. ಮಾತ್ರೆಯ ಚಟ ಬಿಡಿಸಿಕೊಳ್ಳಲು 14446 ಇದೆ. ಮನೆಯಲ್ಲಿ ಯಾರಾದರೂ ಹಾಗೆ ಕುಗ್ಗಿದ್ದಾರೆ ಎನ್ನಿಸಿದರೆ ಮಾತ್ರೆಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಅವರ ಜೊತೆ ಕೂತು ಮಾತನಾಡಿ.

ಮನೆಗೆ ಮಾತ್ರೆ ತರುವವರು ನಾವು, ಅದರ ಮೇಲಿನ ಇಂಗ್ಲಿಷ್ ಓದಬಲ್ಲವರೂ ನಾವೇ. ಆದ್ದರಿಂದ ಈ ಬಾರಿ ಊರಿಗೆ ಹೋದಾಗ ಮಾತ್ರೆ ಡಬ್ಬಿಯನ್ನು ಒಮ್ಮೆ ಬರಿದು ಮಾಡಿ. ಬ್ರ್ಯಾಂಡ್ ಹೆಸರಿನ ಜೊತೆಗಿರುವ ಮೂಲ ಔಷಧದ ಹೆಸರು ಓದಿ. ಒಂದೇ ಹೆಸರು ಎರಡು ಸ್ಟ್ರಿಪ್‌ನಲ್ಲಿದ್ದರೆ ಎರಡನ್ನೂ ವೈದ್ಯರಿಗೆ ತೋರಿಸಿ. ಅಜ್ಜಿಯ ಕಿಡ್ನಿ ಪರೀಕ್ಷೆ ಆಗಿದೆಯೇ ಕೇಳಿ. ಯಾವುದು ಯಾರಿಗೆ, ಎಷ್ಟು, ಯಾವ ಹೊತ್ತಿಗೆ ಎಂದು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು, 108 ಅನ್ನೂ ಸೇರಿಸಿ, ಗೋಡೆಗೆ ಅಂಟಿಸಿ. ಅರ್ಧ ಗಂಟೆಯ ಕೆಲಸ. ನಾವು ಮತ್ತೆ ಹಾಸ್ಟೆಲ್‌ಗೆ ಹೊರಟ ಮೇಲೆ ಆ ಡಬ್ಬಿಯ ಜೊತೆ ಉಳಿಯುವವರು ನಮ್ಮ ಮನೆಯ ಹಿರಿಯರು ಮಾತ್ರ.