ಸಣ್ಣ ಚಿಕಿತ್ಸೆಗಳ ವೇಳೆ ಕೊಡುವ ಮಂಪರು ಔಷಧಕ್ಕೆ ಸುರಕ್ಷಾ ನಿಯಮ ಕೋರಿ ಮನವಿ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಅಧ್ಯಕ್ಷರು,
ಖಾಸಗಿ ವೈದ್ಯಕೀಯ ಸಂಸ್ಥೆಗಳ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರ,
ರಜತಾದ್ರಿ, ಮಣಿಪಾಲ.

ಇವರಿಂದ,
ಹಿರಿಯಡ್ಕ, ಬೊಮ್ಮರಬೆಟ್ಟು, ಅಂಜಾರು, ಪೆರ್ಡೂರು ಪರಿಸರದ ನಾಗರಿಕರು.

ವಿಷಯ: ಕ್ಲಿನಿಕ್, ನರ್ಸಿಂಗ್ ಹೋಂ, ದಂತ ಚಿಕಿತ್ಸಾಲಯ ಮತ್ತು ಸ್ಕ್ಯಾನಿಂಗ್ ಕೇಂದ್ರಗಳಲ್ಲಿ ಮಂಪರು ಔಷಧ ಪಡೆಯುವ ರೋಗಿಗಳ ಸುರಕ್ಷತೆ.

ಮಾನ್ಯರೇ,

ಎಂಡೋಸ್ಕೋಪಿ ಮಾಡುವುದಕ್ಕೆ, ಜಾರಿದ ಭುಜ ಕೂರಿಸುವುದಕ್ಕೆ, ಹೆದರಿದ ಮಗುವಿನ ಹಲ್ಲು ಕೀಳುವುದಕ್ಕೆ, ಸ್ಕ್ಯಾನಿಂಗ್ ಆಗುವಾಗ ಕೂಸು ಮಿಸುಕದಂತೆ ಮಲಗಿಸುವುದಕ್ಕೆ ಈಗ ಮಂಪರು ಬರಿಸುವ ಔಷಧ ಕೊಡುವುದು ವಾಡಿಕೆ. ನೋವನ್ನೂ ಭಯವನ್ನೂ ತಪ್ಪಿಸುವ ಈ ಸೌಲಭ್ಯ ಬೇಡವೆಂದು ನಾವು ಹೇಳುತ್ತಿಲ್ಲ, ಇನ್ನಷ್ಟು ಮಂದಿಗೆ ಅದು ಸಿಗಲಿ. ಆದರೆ ‘ಸಣ್ಣ ಪ್ರೊಸೀಜರ್, ಒಂದು ಇಂಜೆಕ್ಷನ್ ಅಷ್ಟೆ’ ಎಂಬ ಮಾತಿನಲ್ಲಿ ಔಷಧದ ಅಪಾಯವೂ ಸಣ್ಣದಾಗಿಬಿಡುತ್ತದೆ. ಮಿಡಜೋಲಾಮ್, ಫೆಂಟನಿಲ್, ಪ್ರೊಪೊಫಾಲ್ ಔಷಧಗಳಿಗೆ ಚಿಕಿತ್ಸೆ ದೊಡ್ಡದೋ ಸಣ್ಣದೋ ಎಂಬ ಭೇದವಿಲ್ಲ. ಒಬ್ಬರಿಗೆ ತೂಕಡಿಕೆಯಷ್ಟೇ ತರುವ ಪ್ರಮಾಣ, ವಯಸ್ಸಾದವರ ಅಥವಾ ಶ್ವಾಸಕೋಶದ ತೊಂದರೆ ಇರುವವರ ಉಸಿರನ್ನೇ ತಡೆಯಬಹುದು. ಮಿಡಜೋಲಾಮ್‌ಗೆ ಫ್ಲೂಮಜೆನಿಲ್, ಫೆಂಟನಿಲ್‌ಗೆ ನಲಾಕ್ಸೋನ್ ಎಂಬ ಪ್ರತಿಮದ್ದು ಇದೆ. ಪ್ರೊಪೊಫಾಲ್‌ಗೆ ಅಂಥದ್ದು ಯಾವುದೂ ಇಲ್ಲ.

ಈ ಅಪಾಯ ಸದ್ದಿಲ್ಲದೆ ಬರುತ್ತದೆ. ಮಂಪರಿನಲ್ಲಿ ನಾಲಿಗೆ ಹಿಂದಕ್ಕೆ ಜಾರಿ ಗಂಟಲಿಗೆ ಅಡ್ಡವಾದಾಗ ಗೊರಕೆ ಕೇಳಿಸುತ್ತದೆ. ಹೊರಗೆ ಕುಳಿತ ಮನೆಯವರಿಗೆ ಅದು ಒಳ್ಳೆಯ ನಿದ್ದೆ. ಮೂಗಿಗೆ ಆಮ್ಲಜನಕದ ನಳಿಕೆ ಇಟ್ಟಿದ್ದರಂತೂ ಉಸಿರು ನಿಂತ ಮೇಲೂ ಬೆರಳಿನ ಪಲ್ಸ್ ಆಕ್ಸಿಮೀಟರ್ ಸ್ವಲ್ಪ ಹೊತ್ತು ಚೆನ್ನಾಗಿಯೇ ಅಂಕಿ ತೋರಿಸುತ್ತಿರುತ್ತದೆ. ಆ ಅಂಕಿ ಕುಸಿಯತೊಡಗುವ ಹೊತ್ತಿಗೆ ಅಮೂಲ್ಯ ನಿಮಿಷಗಳು ಕಳೆದಿರುತ್ತವೆ. ಆಮ್ಲಜನಕ ಸಿಗದೆ ನಾಲ್ಕೈದು ನಿಮಿಷ ಕಳೆದರೆ ಮಿದುಳಿಗೆ ಹಾನಿ ಶುರುವಾಗುತ್ತದೆ. ಹಿರಿಯಡ್ಕದಿಂದ ಆತ್ರಾಡಿ, ಪರ್ಕಳ ದಾಟಿ ಮಣಿಪಾಲ ತಲುಪಲು ಅಷ್ಟು ಸಮಯ ಸಾಲದು, 108 ಆಂಬ್ಯುಲೆನ್ಸ್ ಬಾಗಿಲಲ್ಲೇ ನಿಂತಿದ್ದರೂ ಸಾಲದು. ದೊಡ್ಡ ಆಸ್ಪತ್ರೆ ಹತ್ತಿರವೇ ಇದೆ ಎಂಬ ನಮ್ಮ ಜಿಲ್ಲೆಯವರ ಧೈರ್ಯ ಈ ವಿಚಾರದಲ್ಲಿ ಕೆಲಸಕ್ಕೆ ಬರುವುದಿಲ್ಲ. ಉಸಿರು ಕೊಡಬಲ್ಲವರು ಅದೇ ಕೋಣೆಯಲ್ಲಿ ಇರಬೇಕು.

2022ರ ಮೇ 16ರಂದು ಬೆಂಗಳೂರಿನಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಕೊಬ್ಬು ಕರಗಿಸುವ ಶಸ್ತ್ರಚಿಕಿತ್ಸೆಯ ಬಳಿಕ ಸ್ಥಿತಿ ಬಿಗಡಾಯಿಸಿ ತೀರಿಕೊಂಡರು. ಅವರಿಗೆ 21 ವರ್ಷ. ತೀವ್ರ ನಿಗಾ ವ್ಯವಸ್ಥೆಯೇ ಸರಿಯಿರಲಿಲ್ಲವೆಂದು ಹೆತ್ತವರು ದೂರಿದ್ದರು. ಅದು ಬರೀ ಮಂಪರಿನ ಪ್ರಕರಣವಲ್ಲ, ನಿಜ. ಆದರೆ ಚಿಕಿತ್ಸಾ ಕೇಂದ್ರದಿಂದ ಇನ್ನೊಂದು ಆಸ್ಪತ್ರೆಗೆ ಹೊತ್ತೊಯ್ಯುವ ಗಳಿಗೆಯ ಅಪಾಯ ಎರಡಕ್ಕೂ ಒಂದೇ. ಅಮೆರಿಕದ ಹಾಸ್ಯನಟಿ ಜೋನ್ ರಿವರ್ಸ್ 2014ರಲ್ಲಿ ನ್ಯೂಯಾರ್ಕಿನ ಹೊರರೋಗಿ ಕೇಂದ್ರವೊಂದರಲ್ಲಿ ಗಂಟಲಿನ ಎಂಡೋಸ್ಕೋಪಿಗೆ ಹೋಗಿ ಮತ್ತೆ ಎಚ್ಚರಗೊಳ್ಳಲಿಲ್ಲ. ಪ್ರೊಪೊಫಾಲ್ ಕೊಡುವ ಮೊದಲು ಅವರ ತೂಕವನ್ನು ದಾಖಲಿಸಿರಲಿಲ್ಲ, ನಾಡಿ ಮತ್ತು ರಕ್ತದೊತ್ತಡ ಇಳಿಯುತ್ತಿದ್ದುದನ್ನು ಹೊತ್ತಿಗೆ ಸರಿಯಾಗಿ ಗಮನಿಸಲಿಲ್ಲ ಎಂದು ಅಲ್ಲಿನ ಕೇಂದ್ರ ಸರಕಾರದ ತನಿಖೆ ಹೇಳಿತು. ತೂಕ ಬರೆದುಕೊಳ್ಳುವುದಕ್ಕೆ ದುಬಾರಿ ಯಂತ್ರ ಬೇಕೇ?

ನಮ್ಮ ಬೇಡಿಕೆಗಳಲ್ಲಿ ಮೊದಲನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಮಂಪರು ಕೊಟ್ಟ ರೋಗಿಯ ಉಸಿರು, ನಾಡಿ, ರಕ್ತದೊತ್ತಡ ನೋಡುವುದಕ್ಕೆಂದೇ ತರಬೇತಾದ ಒಬ್ಬರು ಇರಬೇಕು, ಅವರಿಗೆ ಬೇರೆ ಯಾವ ಕೆಲಸವನ್ನೂ ಹಚ್ಚಬಾರದು. ಎಂಡೋಸ್ಕೋಪಿ ಮಾಡುವ ವೈದ್ಯರ ಕಣ್ಣು ಪರದೆಯ ಮೇಲಿರುತ್ತದೆ, ಇರಲೇಬೇಕು. ಇರುವ ಒಬ್ಬ ನರ್ಸ್ ಅವರಿಗೆ ಸಲಕರಣೆ ಕೊಡುತ್ತಾ ನಿಂತರೆ ರೋಗಿಯ ಮುಖ ನೋಡುವವರು ಯಾರೂ ಉಳಿಯುವುದಿಲ್ಲ. ಪ್ರೊಪೊಫಾಲ್ ಬಳಸುವುದಾದರೆ ಅರಿವಳಿಕೆ ತಜ್ಞರೇ ಹಾಜರಿರಬೇಕು. ಅವರು ಸಿಗದ ದಿನ, ತುರ್ತಲ್ಲದ ಚಿಕಿತ್ಸೆಯನ್ನು ಮುಂದೂಡಬೇಕು.

ಆ ಕೋಣೆಯಲ್ಲಿ ಆಮ್ಲಜನಕ, ಸಕ್ಷನ್ ಯಂತ್ರ, ಮಕ್ಕಳ ಮತ್ತು ದೊಡ್ಡವರ ಅಳತೆಯ ಮಾಸ್ಕ್ ಸಹಿತ ಅಂಬು ಬ್ಯಾಗ್, ಅವಧಿ ಮೀರದ ಪ್ರತಿಮದ್ದು ಕೈಗೆಟಕುವಂತೆ ಇರಬೇಕು. ಆಳವಾದ ಮಂಪರು ಕೊಡುವಲ್ಲಿ ಹೊರಬಿಡುವ ಉಸಿರನ್ನು ಅಳೆಯುವ ಕ್ಯಾಪ್ನೋಗ್ರಾಫ್ ಕಡ್ಡಾಯವಾಗಲಿ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಅಡಿ ನೋಂದಣಿಯ ಅಧಿಕಾರ ತಮ್ಮ ಪ್ರಾಧಿಕಾರಕ್ಕಿದೆ. ಮಂಪರು ಕೊಡುವ ಸಂಸ್ಥೆಗಳ ಪಟ್ಟಿ ಮಾಡಿಸಿ, ನವೀಕರಣದ ತನಕ ಕಾಯದೆ ತಪಾಸಣೆ ನಡೆಸಬೇಕೆಂದು ಕೋರುತ್ತೇವೆ. ಸರಕಾರಿ ಆಸ್ಪತ್ರೆಗಳಿಗೂ ಇದೇ ಅಳತೆಗೋಲು ಇರಲಿ.

ಮಕ್ಕಳ ವಿಚಾರ ಬಿಡಿಸಿ ಹೇಳಬೇಕು. ಟ್ರೈಕ್ಲೋಫಾಸ್‌ನಂಥ ನಿದ್ದೆಯ ಸಿರಪ್ಪನ್ನು ಮನೆಯಲ್ಲೇ ಕುಡಿಸಿ ಕರೆತರುವಂತೆ ಹೇಳಬಾರದು. ಬಸ್ಸಿನಲ್ಲಿ ತಾಯಿಯ ಮಡಿಲಲ್ಲಿ ಮಲಗಿದ ಕೂಸಿನ ಕುತ್ತಿಗೆ ಎದೆಗೆ ಬಾಗಿದರೆ ಉಸಿರಿನ ದಾರಿ ಮುಚ್ಚುತ್ತದೆ, ಆ ತಾಯಿ ಮಗು ನಿದ್ರಿಸುತ್ತಿದೆ ಎಂದೇ ತಿಳಿಯುತ್ತಾಳೆ. ಔಷಧ ಆಸ್ಪತ್ರೆಯಲ್ಲೇ, ತೂಕ ನೋಡಿಯೇ ಕೊಡಲಿ. ಮಗು ಪೂರ್ತಿ ಎಚ್ಚರವಾದ ಮೇಲಷ್ಟೇ ಮನೆಗೆ ಕಳಿಸಲಿ.

ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು. ನಮ್ಮ ಕಡೆಯ ಹಿರಿಯರಿಗೆ ತುಳುವಿನಲ್ಲೋ ಕೊಂಕಣಿಯಲ್ಲೋ ಬಾಯಿಮಾತಿನಲ್ಲಿ ವಿವರಿಸಿದ ಮೇಲೆ ಸಹಿ ಪಡೆಯಬೇಕು. ಕೊನೆಯ ಊಟ ಯಾವಾಗ, ಗೊರಕೆ ಇದೆಯೇ, ನಿದ್ದೆ ಮಾತ್ರೆ ತೆಗೆದುಕೊಳ್ಳುತ್ತಾರೆಯೇ, ಮದ್ಯಪಾನದ ಅಭ್ಯಾಸವಿದೆಯೇ ಎಂದು ಕೇಳಿ ಬರೆದುಕೊಳ್ಳಬೇಕು. ಅಂದು ರೋಗಿ ಒಬ್ಬರೇ ಸ್ಕೂಟರ್ ಏರಿ ಮನೆಗೆ ಹೋಗದಂತೆ ನೋಡಿಕೊಳ್ಳುವುದು, 24 ಗಂಟೆ ವಾಹನ ಓಡಿಸಬಾರದೆಂದು ಬರೆದುಕೊಡುವುದು ಸಂಸ್ಥೆಯ ಹೊಣೆಯಾಗಲಿ.

ಈ ನಿಯಮಗಳಿಂದ ಸಣ್ಣ ಕ್ಲಿನಿಕ್‌ಗಳಿಗೆ ಖರ್ಚು ಬರುತ್ತದೆಂಬುದು ನಮಗೆ ಗೊತ್ತು. ಹಳ್ಳಿಯ ವೈದ್ಯರು ಬಾಗಿಲು ಮುಚ್ಚುವುದು ನಮಗೆ ಬೇಡ. ಆದ್ದರಿಂದ ಜಿಲ್ಲಾ ಆರೋಗ್ಯಾಧಿಕಾರಿಗಳು ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಅರಿವಳಿಕೆ ತಜ್ಞರ ನೆರವು ಕೋರಿ, ಉಡುಪಿ, ಕಾಪು, ಕಾರ್ಕಳಗಳಲ್ಲಿ ವೈದ್ಯರಿಗೂ ನರ್ಸ್‌ಗಳಿಗೂ ಉಸಿರಾಟದ ತುರ್ತು ನಿರ್ವಹಣೆಯ ತರಬೇತಿ ಏರ್ಪಡಿಸಲಿ. ದಂಡ ಹಾಕುವ ಮೊದಲು ಈ ಕೆಲಸ ಆಗಲಿ.

ತಾವು ಕೈಗೊಂಡ ಕ್ರಮವನ್ನು ಮೂವತ್ತು ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕೆಂದು ವಿನಂತಿಸುತ್ತೇವೆ.

ಸ್ಥಳ: ಹಿರಿಯಡ್ಕ

ತಮ್ಮ ವಿಶ್ವಾಸಿಗಳು,
ಹಿರಿಯಡ್ಕ ಪರಿಸರದ ನಾಗರಿಕರು
(ಸಹಿಗಳ ಹಾಳೆ ಲಗತ್ತಿಸಿದೆ)

ಪ್ರತಿ: ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ಉಡುಪಿ.