ಗಣಕಯಂತ್ರಗಳ ದೂರಚಾಲನೆ: ಅರ್ಜಿದಾರರಿಗಾಗುವ ಪ್ರಯೋಜನ ಮತ್ತು ಅದರ ಮಿತಿ

2003ರಲ್ಲಿ ಕಾವೇರಿ ತಂತ್ರಾಂಶವು ಜಾರಿಗೆ ಬಂದಂದಿನಿಂದ ರಾಜ್ಯದಲ್ಲಿ ದಸ್ತಾವೇಜುಗಳ ನೋಂದಣಿಯು ಗಣಕಯಂತ್ರಗಳನ್ನು ಅವಲಂಬಿಸಿದೆ. ಬೆಂಗಳೂರಿನ ಗಾಂಧಿನಗರ ನೋಂದಣಿ ಜಿಲ್ಲೆಯೂ ಇದಕ್ಕೆ ಹೊರತಲ್ಲ. ಬೆಳಿಗ್ಗೆ ಯಂತ್ರಗಳು ಸಿದ್ಧವಾಗಲು ತಡವಾದಲ್ಲಿ ಮೊದಲ ಅರ್ಜಿದಾರರಷ್ಟೇ ಅಲ್ಲದೆ ನಂತರದವರೂ ಕಾಯಬೇಕಾಗುತ್ತದೆ.

ಇಂತಹ ವಿಳಂಬವನ್ನು ತಗ್ಗಿಸಲು ಲಭ್ಯವಿರುವ ವಿಧಾನವೇ ವೇಕ್-ಆನ್-ಲ್ಯಾನ್. ಇದಕ್ಕೆ ಬಳಸುವ ಮ್ಯಾಜಿಕ್ ಪ್ಯಾಕೆಟ್ ಎಂಬ ಸಂದೇಶದ ವಿವರವನ್ನು ಎ.ಎಂ.ಡಿ. ಸಂಸ್ಥೆಯು 1995ರಲ್ಲಿ ಪ್ರಕಟಿಸಿತು. ಯಂತ್ರವನ್ನು ಆರಿಸಿದ್ದರೂ ಅದರ ನೆಟ್‌ವರ್ಕ್ ಕಾರ್ಡಿಗೆ ಅಲ್ಪ ವಿದ್ಯುತ್ ದೊರೆಯುತ್ತಿರುತ್ತದೆ. 6 ಬೈಟ್‌ಗಳ ಗುರುತು ಹಾಗೂ 16 ಬಾರಿ ಪುನರಾವರ್ತಿತವಾದ ಯಂತ್ರದ ವಿಳಾಸ ಸೇರಿ 102 ಬೈಟ್‌ಗಳ ಸಂದೇಶವು ತಲುಪಿದೊಡನೆ ಯಂತ್ರವು ಚಾಲನೆಗೊಳ್ಳುತ್ತದೆ. ಹೀಗಾಗಿ ರಾತ್ರಿ ವಿದ್ಯುತ್ ಉಳಿಸಿ, ಕಛೇರಿ ತೆರೆಯುವ ಮುನ್ನವೇ ಎಲ್ಲ ಯಂತ್ರಗಳನ್ನು ಸಿದ್ಧಪಡಿಸಬಹುದು.

ಆದರೆ ಇದಕ್ಕೆ ಈ ಕೆಳಕಂಡ ಮಿತಿಗಳಿವೆ:

1. ಗೋಡೆಯ ಸ್ವಿಚ್ ಆರಿಸಿದ್ದಲ್ಲಿ ಅಥವಾ ವಿದ್ಯುತ್ ಕಡಿತಗೊಂಡಿದ್ದಲ್ಲಿ ಯಂತ್ರವು ಚಾಲನೆಗೊಳ್ಳುವುದಿಲ್ಲ.
2. ಸಂದೇಶಕ್ಕೆ ಸಾಮಾನ್ಯವಾಗಿ ಗುಪ್ತಪದವಿರುವುದಿಲ್ಲ. ಆದುದರಿಂದ ಅದನ್ನು ಕಛೇರಿಯ ಒಳಜಾಲಕ್ಕೆ ಸೀಮಿತಗೊಳಿಸುವುದು ಅವಶ್ಯ. ಯಂತ್ರವು ಚಾಲನೆಗೊಂಡ ಮಾತ್ರಕ್ಕೆ ದಾಖಲೆಗಳು ತೆರೆದುಕೊಳ್ಳುವುದಿಲ್ಲ. ಸಿಬ್ಬಂದಿಯ ಲಾಗಿನ್ ಬೇಕೇ ಬೇಕು.
3. ಕೇಂದ್ರ ಸರ್ವರ್‌ನ ತೊಂದರೆಗೆ ಇದು ಪರಿಹಾರವಲ್ಲ. 2025ರ ಜನವರಿಯಲ್ಲಿ ಕಾವೇರಿ 2.0 ಜಾಲತಾಣದ ಮೇಲೆ ನಡೆದ ಸೈಬರ್ ದಾಳಿಯಿಂದ ನೋಂದಣಿ ಕಾರ್ಯಕ್ಕೆ ಅಡಚಣೆಯುಂಟಾಯಿತು. ಆಗ ಕಛೇರಿಯ ಯಂತ್ರಗಳು ಚಾಲನೆಯಲ್ಲಿದ್ದರೂ ಪ್ರಯೋಜನವಿರಲಿಲ್ಲ.

ದೂರಚಾಲನೆಯಿಂದ ಉಳಿಯುವುದು ಕಛೇರಿಯ ಬೆಳಗಿನ ಸಮಯ ಮಾತ್ರ. ಸರ್ವರ್‌ನ ಭದ್ರತೆ ಹಾಗೂ ಸಾಮರ್ಥ್ಯಕ್ಕೂ ಅಷ್ಟೇ ಗಮನ ನೀಡಿದಾಗಲೇ ಅರ್ಜಿದಾರರಿಗೆ ಪೂರ್ಣ ಪ್ರಯೋಜನ ದೊರೆಯುತ್ತದೆ. ಸಾರ್ವಜನಿಕರು ಕಛೇರಿಗೆ ಹೊರಡುವ ಮುನ್ನ ತಮಗೆ ನಿಗದಿಯಾದ ಸಮಯವನ್ನೂ ಜಾಲತಾಣದ ಸ್ಥಿತಿಯನ್ನೂ ಪರಿಶೀಲಿಸಿಕೊಳ್ಳುವುದು ಸೂಕ್ತ.